ಬರಗಾಲವೂ ಗರ್ಭಸ್ಥ ಶಿಶುವೂ

ಬರಗಾಲದ ಚರಿತ್ರೆಯನ್ನು ಬರೆದವರೆಲ್ಲರೂ ಸತ್ತವರ ಲೆಕ್ಕವನ್ನು ಇಟ್ಟಿದ್ದಾರೆ. ಊರು ಬಿಟ್ಟವರ, ಹಾಳುಬಿದ್ದ ಹೊಲಗಳ, ಮಾರಾಟವಾದ ಎತ್ತುಗಳ ಲೆಕ್ಕವೂ ಅಲ್ಲಲ್ಲಿ ಸಿಗುತ್ತದೆ. ಬರದ ದಿನಗಳಲ್ಲಿ ತಾಯಿಯ ಗರ್ಭದಲ್ಲಿದ್ದು, ಹೇಗೋ ಹುಟ್ಟಿ, ಹೇಗೋ ಬದುಕಿ ಉಳಿದವರ ಲೆಕ್ಕವನ್ನು ಮಾತ್ರ ಬಹುಕಾಲ ಯಾರೂ ಇಡಲಿಲ್ಲ. ಬದುಕಿದವರು ಗೆದ್ದರೆಂದೇ ಲೋಕ ಭಾವಿಸಿತು. ಈ ಭಾವನೆ ಅರ್ಧಸತ್ಯವೆಂಬುದನ್ನು ಕಳೆದ ಐವತ್ತು ವರ್ಷಗಳ ವೈದ್ಯಕೀಯ ಸಂಶೋಧನೆಗಳು ತೋರಿಸಿಕೊಟ್ಟಿವೆ. ಅವುಗಳಲ್ಲಿ ಒಂದು ಮಹತ್ವದ ಸಂಶೋಧನೆ ಕನ್ನಡನಾಡಿನ ಮೈಸೂರಿನಲ್ಲಿಯೇ ನಡೆದಿರುವುದರಿಂದ, ಬರಗಾಲಗಳನ್ನು ಹಾಸಿ ಹೊದ್ದುಕೊಂಡ ಕೊಪ್ಪಳ ಸೀಮೆಯ ಚರಿತ್ರೆಯನ್ನು ಆ ಬೆಳಕಿನಲ್ಲಿ ಮತ್ತೊಮ್ಮೆ ನೋಡುವುದು ಉಚಿತವೆನಿಸುತ್ತದೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳು 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಒಂದು ಜಿಲ್ಲೆಯಾದವು. (ಇತ್ತೀಚೆಗೆ ಇವುಗಳನ್ನೇ ಒಡೆದು ಕುಕನೂರು, ಕನಕಗಿರಿ, ಕಾರಟಗಿ ಎಂಬ ಹೊಸ ತಾಲ್ಲೂಕುಗಳನ್ನು ರಚಿಸಲಾಗಿದೆ.) ಶಾಸನಗಳಲ್ಲಿ ಕೊಪಣವೆಂದು ಖ್ಯಾತವಾಗಿ, ಮಹಾತೀರ್ಥವೆಂದು ಪೂಜಿತವಾದ ಊರು ಇದರ ಕೇಂದ್ರ. ತೀರ್ಥಕ್ಷೇತ್ರದ ಖ್ಯಾತಿ ಮಳೆಯನ್ನು ತರಲಿಲ್ಲ. ವರ್ಷಕ್ಕೆ ಸರಾಸರಿ 600 ಮಿಲಿಮೀಟರಿನ ಆಸುಪಾಸು ಬೀಳುವ ಮಳೆ, ಅದೂ ಹೊತ್ತಿಗೆ ಸರಿಯಾಗಿ ಬಂದರೆ ಬಂತು. ಎರೆ ಹೊಲದಲ್ಲಿ ಬಿಳಿಜೋಳ, ಮಸಾರಿಯಲ್ಲಿ ಸಜ್ಜೆ, ನವಣೆ, ಹುರುಳಿ, ಶೇಂಗಾ. ಒಳ್ಳೆಯ ವರ್ಷದ ಜೋಳವನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿ, ಬಾಯಿ ಮುಚ್ಚಿ, ಕೆಟ್ಟ ವರ್ಷಕ್ಕೆಂದು ಕಾಯ್ದಿಡುವುದು ಈ ಸೀಮೆಯ ಹಳೆಯ ಪದ್ಧತಿ. ಒಂದು ಕೆಟ್ಟ ವರ್ಷವನ್ನು ಹಗೇವು ದಾಟಿಸುತ್ತಿತ್ತು. ಎರಡು ಕೆಟ್ಟ ವರ್ಷಗಳು ಒಂದರ ಬೆನ್ನಿಗೊಂದು ಬಂದಾಗ ಹಗೇವು ಬರಿದಾಗುತ್ತಿತ್ತು.

1791–92ರ ಬರವನ್ನು ಜನ ಡೋಗಿ ಬರವೆಂದು ಕರೆದರು. ಹೂಳುವವರಿಲ್ಲದೆ ಬಯಲಲ್ಲಿ ಬಿದ್ದ ತಲೆಬುರುಡೆಗಳು ಆ ಹೆಸರನ್ನು ಕೊಟ್ಟವು. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಎಂದರೆ 1876ರಿಂದ 1878ರವರೆಗೆ ಬಂದದ್ದು ಧಾತು ಈಶ್ವರದ ಬರ. ಆ ಕಾಲಕ್ಕೆ ಈ ನಾಲ್ಕೂ ತಾಲ್ಲೂಕುಗಳು ಹೈದರಾಬಾದಿನ ನಿಜಾಮರ ರಾಜ್ಯಕ್ಕೆ ಸೇರಿದ್ದವು. ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರು. ಗಂಗಾವತಿ, ಕುಷ್ಟಗಿಗಳು ಅಂದಿನ ಲಿಂಗಸುಗೂರು ಜಿಲ್ಲೆಯ ತಾಲ್ಲೂಕುಗಳು. ತುಂಗಭದ್ರೆಯ ಆಚೆಗೆ ಬ್ರಿಟಿಷರ ಬಳ್ಳಾರಿ, ಉತ್ತರಕ್ಕೆ ಅವರದೇ ಕಲಾದಗಿ ಜಿಲ್ಲೆ. ನಿಜಾಮರ ರಾಜ್ಯದಲ್ಲಿ ಮೊದಲ ಜನಗಣತಿ ನಡೆದದ್ದೇ 1881ರಲ್ಲಿ. ಬರಕ್ಕೆ ಮುಂಚಿನ ಎಣಿಕೆಯಿಲ್ಲದೆ ಬರದ ನಂತರದ ಎಣಿಕೆಯಿಂದ ನಷ್ಟವನ್ನು ಕಳೆದು ನೋಡುವಂತಿಲ್ಲ; ಆರಂಭದ ಶಿಲ್ಕೇ ಇಲ್ಲದ ಖಾತೆಯಂತೆ. ಆದುದರಿಂದ ನೆರೆಯವರ ಲೆಕ್ಕದಿಂದಲೇ ಇಲ್ಲಿಯ ಸಂಕಟವನ್ನು ಅಳೆಯಬೇಕಾಗುತ್ತದೆ. ಬಳ್ಳಾರಿ ಮತ್ತು ಕಲಾದಗಿ ಜಿಲ್ಲೆಗಳೆರಡೂ ಎರಡು ಗಣತಿಗಳ ನಡುವೆ ತಮ್ಮ ಜನಸಂಖ್ಯೆಯ ಸುಮಾರು ಐದನೆಯ ಒಂದು ಭಾಗವನ್ನು ಕಳೆದುಕೊಂಡವು. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ 50,55,412 ಇದ್ದ ಜನಸಂಖ್ಯೆ 1881ಕ್ಕೆ 41,86,188ಕ್ಕೆ ಇಳಿಯಿತು. ನದಿಯ ಎರಡು ದಡಗಳಿಗೂ ಆಕಾಶ ಒಂದೇ ಆಗಿದ್ದುದರಿಂದ ಈಚೆಯ ದಡದ ಗತಿಯನ್ನು ಊಹಿಸುವುದು ಕಷ್ಟವಲ್ಲ.

ಆ ಬರದಲ್ಲಿ ನಡೆದ ಒಂದು ವಾದ ಈ ಲೇಖನದ ವಿಷಯಕ್ಕೆ ಹತ್ತಿರವಾದುದು. ಮದ್ರಾಸು ಪ್ರಾಂತದ ಪರಿಹಾರ ಕಾಮಗಾರಿಗಳಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದೂವರೆ ಪೌಂಡು ಧಾನ್ಯದ ಬೆಲೆ ಕೂಲಿಯ ಆಧಾರವಾಗಿತ್ತು. 1877ರ ಆರಂಭದಲ್ಲಿ ಭಾರತ ಸರ್ಕಾರದ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್ ವೆಚ್ಚ ಮಿತಿಮೀರುತ್ತಿದೆ ಎಂದು ಅದನ್ನು ಒಂದು ಪೌಂಡಿಗೆ ಇಳಿಸಿದನು. ಪ್ರಾಂತದ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದನು. ಕಲ್ಲು ಒಡೆಯುವ ದೇಹಕ್ಕೆ ಒಂದು ಪೌಂಡು ಧಾನ್ಯ ಸಾಲದು, ನಿಧಾನವಾಗಿ ಕ್ಷಯಿಸುವ ದೇಹದ ಹಾನಿಯನ್ನು ತಡವಾಗಿ ಕೊಟ್ಟ ಅನ್ನ ತುಂಬಿಕೊಡದು ಎಂಬುದು ಅವನ ವಾದ. ಕೆಲವು ತಿಂಗಳ ತರುವಾಯ ಪಡಿ ಮತ್ತೆ ಏರಿತು. ಇಬ್ಬರೂ ವಾದಿಸಿದ್ದು ಕಣ್ಣಿಗೆ ಕಾಣುವ ದೇಹದ ಬಗೆಗೆ. ಕಾಮಗಾರಿಗೆ ಬಂದ ಹೆಂಗಸರಲ್ಲಿ ಎಷ್ಟೋ ಮಂದಿ ಬಸುರಿಯರಿದ್ದರು. ಗಂಡಸಿನದಕ್ಕಿಂತಲೂ ಕಡಿಮೆಯಾದ ಅವರ ಪಡಿಯಲ್ಲಿ ಪಾಲು ಬೇಡುವ ಇನ್ನೊಂದು ಜೀವ ಒಳಗಿತ್ತು. ಅದರ ಪರ ವಾದಿಸಲು ಯಾವ ಅಧಿಕಾರಿಯೂ ಇರಲಿಲ್ಲ.

ಬರದ ವರ್ಷಗಳಲ್ಲಿ ಜನನಗಳು ತೀರ ಕಡಿಮೆಯಾದವು. ಸಾವು ಅತ್ಯಧಿಕವಾದ ತಿಂಗಳುಗಳಿಂದ ಎಣಿಸಿದರೆ ಸುಮಾರು ಒಂಬತ್ತು ತಿಂಗಳಿಗೆ ಜನನ ಪಾತಾಳಕ್ಕಿಳಿಯುವುದು ದಕ್ಷಿಣ ಏಷ್ಯದ ಬರಗಳಲ್ಲೆಲ್ಲ ಕಂಡುಬರುವ ಲಕ್ಷಣವೆಂದು ಜನಸಂಖ್ಯಾಶಾಸ್ತ್ರಜ್ಞ ಟಿಮ್ ಡೈಸನ್ ತೋರಿಸಿದ್ದಾರೆ. ದೇಹ ತೀರ ಬಡಕಲಾದಾಗ ಮುಟ್ಟು ನಿಲ್ಲುತ್ತದೆ, ಗರ್ಭ ನಿಲ್ಲುವುದಿಲ್ಲ. ಗಂಡ ಹೆಂಡಿರು ಅನ್ನ ಅರಸಿ ಬೇರೆ ಬೇರೆ ದಿಕ್ಕಿಗೆ ಹೋಗಿರುತ್ತಾರೆ. ಮಳೆ ಬಂದು ಒಂದೆರಡು ಸುಗ್ಗಿ ಕಳೆದ ಮೇಲೆ ತೊಟ್ಟಿಲುಗಳು ಮತ್ತೆ ತುಂಬುತ್ತವೆ. ಆದಕಾರಣ, ಹಸಿವು ಸಂತಾನಶಕ್ತಿಯನ್ನು ತಾತ್ಕಾಲಿಕವಾಗಿ ತಡೆಯುತ್ತದೆಯೇ ಹೊರತು ಶಾಶ್ವತವಾಗಿ ಕೆಡಿಸುವುದಿಲ್ಲವೆಂದು ಬಹುಕಾಲ ನಂಬಲಾಗಿತ್ತು. ತಾಯಂದಿರ ಮಟ್ಟಿಗೆ ಇದು ನಿಜ. ಅದೇ ಹಸಿವಿನಲ್ಲಿ ಗರ್ಭದಲ್ಲಿದ್ದ ಮಗಳ ಮಟ್ಟಿಗೂ ಇದು ನಿಜವೇ ಎಂಬುದು ಬೇರೆಯೇ ಪ್ರಶ್ನೆ. 1877ರಲ್ಲಿ ಯಲಬುರ್ಗಾದ ಒಂದು ಹಳ್ಳಿಯಲ್ಲಿ ಹುಟ್ಟಿದ ಹೆಣ್ಣುಮಗುವನ್ನು ಕಲ್ಪಿಸಿಕೊಳ್ಳಿ. 1896–97ರ ಬರ ದಖ್ಖಣದ ಮೇಲೆ ಬಂದಾಗ ಅವಳಿಗೆ ಇಪ್ಪತ್ತು ವರ್ಷ. ಅಂದಿನ ರೂಢಿಯಂತೆ ಒಂದೆರಡು ಮಕ್ಕಳ ತಾಯಿ. ಮೂರು ವರ್ಷ ಕಳೆದು 1899–1900ರಲ್ಲಿ ಇನ್ನೊಂದು ಬರ. ಹಸಿವಿನಲ್ಲಿ ರೂಪುಗೊಂಡ ದೇಹ ಮುಂದಿನ ಹಸಿವನ್ನು ಹೆಚ್ಚು ಗಟ್ಟಿಯಾಗಿ ತಾಳುತ್ತದೆಯೇ, ಅಥವಾ ಬೇಗ ಮುರಿಯುತ್ತದೆಯೇ?

ಇದಕ್ಕೆ ಉತ್ತರ ದೂರದ ಫಿನ್‌ಲ್ಯಾಂಡಿನಿಂದ ಬಂದಿದೆ. ಅಲ್ಲಿಯ ಚರ್ಚುಗಳು ಜನನ, ವಿವಾಹ, ಮರಣಗಳನ್ನು ತಲೆತಲಾಂತರದಿಂದ ಬರೆದಿಡುತ್ತಾ ಬಂದಿವೆ. 1866–68ರಲ್ಲಿ ಆ ದೇಶ ಘೋರ ಕ್ಷಾಮಕ್ಕೆ ಸಿಕ್ಕಿತು. ಹುಟ್ಟಿದ ಸುತ್ತಿನಲ್ಲಿ ಬೆಳೆ ಕೆಟ್ಟಿದ್ದವರು ಈ ಕ್ಷಾಮವನ್ನು ಹೇಗೆ ಎದುರಿಸಿದರೆಂಬುದನ್ನು ವಿರ್ಪಿ ಲುಮ್ಮಾ ಮತ್ತು ಸಂಗಡಿಗರು 2013ರಲ್ಲಿ ಪರೀಕ್ಷಿಸಿದರು. ಹಸಿವಿಗೆ ಹುಟ್ಟಿನಿಂದಲೇ ಒಗ್ಗಿದವರು ಹಸಿವನ್ನು ಗೆಲ್ಲಬೇಕೆಂಬ ಊಹೆ ಸುಳ್ಳಾಯಿತು. ಒಳ್ಳೆಯ ಬೆಳೆಯ ವರ್ಷದಲ್ಲಿ ಹುಟ್ಟಿದವರೇ ಕ್ಷಾಮದಲ್ಲಿ ಹೆಚ್ಚು ಉಳಿದರು. ಮಕ್ಕಳನ್ನು ಪಡೆಯುವುದರಲ್ಲಿಯೂ ಅವರೇ ಮುಂದಿದ್ದರು. ಬಡತನ ಮೈಯನ್ನು ಗಟ್ಟಿ ಮಾಡುತ್ತದೆ ಎಂದು ಉಂಡವರು ಹೇಳುವ ಮಾತಿಗೆ ಈ ಚರ್ಚಿನ ಪುಸ್ತಕಗಳು ಸಾಕ್ಷಿ ನುಡಿಯುವುದಿಲ್ಲ.

ಗರ್ಭದಲ್ಲಿಯ ಹಸಿವನ್ನು ತಿಂಗಳ ಲೆಕ್ಕದಲ್ಲಿ ಅಳೆಯಲು ಸಾಧ್ಯವಾದದ್ದು ಹಾಲೆಂಡಿನಲ್ಲಿ. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲ. 1944ರ ಸೆಪ್ಟೆಂಬರಿನಲ್ಲಿ ಡಚ್ ರೈಲ್ವೆ ನೌಕರರು ಮುಷ್ಕರ ಹೂಡಿದಾಗ ಜರ್ಮನ್ನರು ಪಶ್ಚಿಮ ಭಾಗಕ್ಕೆ ಆಹಾರ ಸಾಗಿಸುವುದನ್ನು ತಡೆದರು. ತಡೆಯನ್ನು ಸಡಿಲಿಸುವ ಹೊತ್ತಿಗೆ ಕಾಲುವೆಗಳು ಹೆಪ್ಪುಗಟ್ಟಿದ್ದವು. ಡಿಸೆಂಬರಿನಿಂದ ಏಪ್ರಿಲಿನವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಒಬ್ಬನಿಗೆ ದಿನಕ್ಕೆ ದೊರೆತ ಪಡಿ 400ರಿಂದ 800 ಕ್ಯಾಲೊರಿ. 1945ರ ಮೇ ತಿಂಗಳಲ್ಲಿ ಬಿಡುಗಡೆ ಬಂದಿತು. ಒಡನೆಯೇ ಅನ್ನವೂ ಬಂದಿತು. ಸುಮಾರು 20,000 ಜನ ಸತ್ತರು. ಬರ ಶುರುವಾದ ದಿನ, ಮುಗಿದ ದಿನ ಎರಡೂ ಸ್ಪಷ್ಟ. ಹೀಗಾಗಿ ಗರ್ಭದ ಯಾವ ತಿಂಗಳಲ್ಲಿ ಯಾವ ಶಿಶು ಹಸಿದಿತ್ತೆಂದು ನಿಖರವಾಗಿ ಹೇಳಬಹುದಾಯಿತು. ಆಸ್ಪತ್ರೆಯೊಂದರ ಹೆರಿಗೆ ದಾಖಲೆಗಳು ಸುರಕ್ಷಿತವಾಗಿ ಉಳಿದಿದ್ದುದು ಇನ್ನೊಂದು ಪುಣ್ಯ. ಆ ಮಕ್ಕಳು ಐವತ್ತರ ವಯಸ್ಸಿಗೆ ಬಂದಾಗ ಟೆಸ್ಸಾ ರೋಸ್‌ಬೂಮ್ ಮುಂತಾದವರು ಅವರನ್ನು ಮರಳಿ ಹುಡುಕಿ ಪರೀಕ್ಷಿಸಿದರು.

ಫಲಿತಾಂಶ ಸೋಜಿಗದ್ದು. ಕೊನೆಯ ಮೂರು ತಿಂಗಳಲ್ಲಿ ಹಸಿದ ಶಿಶುಗಳು ಹುಟ್ಟುವಾಗ ಸುಮಾರು 300 ಗ್ರಾಂ ಹಗುರವಾಗಿದ್ದವು. ಮೊದಲ ತಿಂಗಳುಗಳಲ್ಲಿ ಮಾತ್ರ ಹಸಿದವು ತೂಕದಲ್ಲಿ ಕಡಿಮೆಯಿರಲಿಲ್ಲ; ನೋಡಿದವರು ಆರೋಗ್ಯವಂತ ಕೂಸೆಂದೇ ಹೇಳುತ್ತಿದ್ದರು. ಆದರೆ ಐವತ್ತನೆಯ ವಯಸ್ಸಿಗೆ ಈ ಎರಡನೆಯವರಲ್ಲಿಯೇ ಹೃದಯದ ರಕ್ತನಾಳಗಳ ರೋಗ ಹೆಚ್ಚಾಗಿತ್ತು: ಬರವನ್ನು ಕಾಣದವರಲ್ಲಿ ನೂರಕ್ಕೆ 3.2, ಇವರಲ್ಲಿ 8.8. ಬರದಲ್ಲಿ ಗರ್ಭಸ್ಥರಾಗಿದ್ದವರಲ್ಲಿ ಸಕ್ಕರೆಯನ್ನು ಜೀರ್ಣಿಸಿಕೊಳ್ಳುವ ಶಕ್ತಿ ಕುಂದಿತ್ತು. ಬರದ ತೀವ್ರ ದಿನಗಳಲ್ಲಿ ಗರ್ಭಾಂಕುರವಾದವರಲ್ಲಿ ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಇಮ್ಮಡಿಯಾಗಿತ್ತು. ಅರವತ್ತು ವರ್ಷಗಳ ಬಳಿಕ ಅವರ ರಕ್ತದಲ್ಲಿ, ಬೆಳವಣಿಗೆಯನ್ನು ನಿಯಂತ್ರಿಸುವ ಒಂದು ಜೀನಿನ ಮೇಲಿನ ರಾಸಾಯನಿಕ ಗುರುತು ಅವರ ಒಡಹುಟ್ಟಿದವರಲ್ಲಿ ಇದ್ದುದಕ್ಕಿಂತ ಕಡಿಮೆಯಾಗಿದ್ದುದನ್ನು 2008ರಲ್ಲಿ ಪತ್ತೆ ಹಚ್ಚಲಾಯಿತು. ಜೀನ್ ಬದಲಾಗಿರಲಿಲ್ಲ, ಅದನ್ನು ಓದುವ ಕ್ರಮ ಬದಲಾಗಿತ್ತು. ಹೀಗಿದ್ದರೂ ಸೈನ್ಯದ ಪರೀಕ್ಷೆಯಲ್ಲಿ ಈ ಹುಡುಗರ ಬುದ್ಧಿಶಕ್ತಿಯಲ್ಲಿ ಯಾವ ಕೊರತೆಯೂ ಕಾಣಲಿಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕು. ಹಾನಿಯಾಗದ ಕಡೆ ಹಾನಿಯನ್ನು ಹೇಳುವುದೂ ಅಸತ್ಯವೇ.

ಸಂತಾನಶಕ್ತಿಯ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಗರ್ಭದಲ್ಲಿ ಹಸಿದ ಹೆಣ್ಣುಮಕ್ಕಳು ಬಂಜೆಯರಾಗುತ್ತಾರೆಂದು ಯಾರಾದರೂ ಹೇಳಿದರೆ ಅದನ್ನು ನಂಬಬಾರದು. ಲುಮೆ ಮತ್ತು ಸ್ಟೈನ್ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ ಡಚ್ ಹೆಂಗಸರು ಮೈನೆರೆದ ವಯಸ್ಸು, ಪಡೆದ ಮಕ್ಕಳ ಸಂಖ್ಯೆ ಯಾವುದರಲ್ಲಿಯೂ ವ್ಯತ್ಯಾಸ ಕಾಣಲಿಲ್ಲ. 2008ರ ಇನ್ನೊಂದು ಅಧ್ಯಯನದಲ್ಲಿ ಅವರು ಉಳಿದವರಿಗಿಂತ ತುಸು ಹೆಚ್ಚೇ ಮಕ್ಕಳನ್ನು ಹೆತ್ತಿದ್ದರು. ಆದರೆ ಕೊನೆಯ ತಿಂಗಳುಗಳಲ್ಲಿ ಹಸಿದವರು ಮುಂದೆ ತಾಯಂದಿರಾದಾಗ, ಅವರ ಕೂಸುಗಳು ಹುಟ್ಟುವ ಸುತ್ತಿನಲ್ಲಿಯೇ ಸಾಯುವುದು ಹೆಚ್ಚಾಗಿತ್ತು. ಮುಟ್ಟು ನಿಲ್ಲುವ ವಯಸ್ಸೂ ಕೊಂಚ ಮುಂಚಿತವಾಗಿ ಬಂದಿತೆಂದು 2013ರ ವರದಿ ಹೇಳುತ್ತದೆ. ಎಂದರೆ, ಹೊರುವ ಶಕ್ತಿ ಕುಂದಲಿಲ್ಲ. ಹೊತ್ತದ್ದನ್ನು ಉಳಿಸಿಕೊಳ್ಳುವುದರಲ್ಲಿ ಕೊರತೆ ಬಂತು. ಕೊಪ್ಪಳ ಜಿಲ್ಲೆ ಇಂದಿಗೂ ರಾಜ್ಯದಲ್ಲಿ ಜನನ ಪ್ರಮಾಣ ಹೆಚ್ಚಿರುವ ಜಿಲ್ಲೆಗಳಲ್ಲೊಂದು. ಮಕ್ಕಳು ಬಹಳ ಹುಟ್ಟುತ್ತಾರೆಂಬುದರಿಂದ ತಾಯಂದಿರು ಸುಖವಾಗಿದ್ದಾರೆಂದು ತೀರ್ಮಾನಿಸುವವರಿಗೆ ಈ ಡಚ್ ಲೆಕ್ಕ ಒಂದು ಉತ್ತರ.

ಇಲ್ಲಿ ದೇಹರಚನೆಯ ಒಂದು ಸಂಗತಿಯನ್ನು ನೆನೆಯಬೇಕು. ಹೆಣ್ಣುಶಿಶುವಿನ ಅಂಡಾಶಯದಲ್ಲಿ ಅದರ ಜೀವಮಾನಕ್ಕೆ ಬೇಕಾದ ಅಂಡಗಳೆಲ್ಲವೂ ಅದು ತಾಯಿಯ ಗರ್ಭದಲ್ಲಿರುವಾಗಲೇ ಉಂಟಾಗುತ್ತವೆ. ಐದನೆಯ ತಿಂಗಳಿನ ಹೊತ್ತಿಗೆ ಅವು 60–70 ಲಕ್ಷ. ಹುಟ್ಟುವ ವೇಳೆಗೆ 10–20 ಲಕ್ಷಕ್ಕೆ ಇಳಿದಿರುತ್ತವೆ. ಹುಟ್ಟಿದ ಮೇಲೆ ಹೊಸದಾಗಿ ಅಂಡಗಳು ಸೇರುವವೆಂಬುದಕ್ಕೆ ನಿಶ್ಚಿತ ಆಧಾರವಿಲ್ಲ. ಆದುದರಿಂದ ಒಬ್ಬ ಬಸುರಿ ತನ್ನೊಳಗೆ ಮಗಳನ್ನು ಹೊತ್ತಾಗ, ಆ ಮಗಳೊಳಗೆ ಮೊಮ್ಮಗುವಿನ ಬೀಜವನ್ನೂ ಹೊತ್ತಿರುತ್ತಾಳೆ. ಈಶ್ವರ ಸಂವತ್ಸರದಲ್ಲಿ ಕುಷ್ಟಗಿಯ ಬಸುರಿಯೊಬ್ಬಳು ಹುಣಸೆಬೀಜವನ್ನು ಕುಟ್ಟಿ ಬೇಯಿಸಿ ತಿಂದಿದ್ದರೆ, ಆ ಊಟಕ್ಕೆ ಮೂರು ತಲೆಮಾರು ಒಟ್ಟಿಗೆ ಕುಳಿತಿದ್ದವು.

ಎಲ್ಲ ಬರಗಳೂ ಒಂದೇ ಫಲವನ್ನು ಕೊಡುವುದಿಲ್ಲ. ಫಿನ್‌ಲ್ಯಾಂಡಿನ ಅದೇ ಕ್ಷಾಮದಲ್ಲಿ ಹುಟ್ಟಿ ಬಾಲ್ಯವನ್ನು ದಾಟಿದವರು ಉಳಿದವರಷ್ಟೇ ಕಾಲ ಬಾಳಿದರೆಂದು 1997ರಲ್ಲಿ ತೋರಿಸಲಾಗಿದೆ. ದುರ್ಬಲರು ಶಿಶುಗಳಾಗಿದ್ದಾಗಲೇ ಸತ್ತುಹೋಗಿದ್ದು, ಗಟ್ಟಿಯಾದವರಷ್ಟೇ ಎಣಿಕೆಗೆ ಸಿಕ್ಕಿದ್ದು ಇದಕ್ಕೆ ಒಂದು ಕಾರಣವಿರಬಹುದು. 1941–44ರ ಲೆನಿನ್‌ಗ್ರಾಡ್ ಮುತ್ತಿಗೆಯಲ್ಲಿ ಗರ್ಭಸ್ಥರಾಗಿದ್ದವರಲ್ಲಿ ಮಧುಮೇಹದ ಒಲವು ಹೆಚ್ಚಿರಲಿಲ್ಲ. ಹಾಲೆಂಡಿನ ಮಗು ಹುಟ್ಟಿದೊಡನೆ ಸಮೃದ್ಧಿಯನ್ನು ಕಂಡಿತು. ಲೆನಿನ್‌ಗ್ರಾಡಿನ ಮಗು ಹುಟ್ಟಿದ ಮೇಲೂ ಬಹುಕಾಲ ಅರೆಹೊಟ್ಟೆಯಲ್ಲಿಯೇ ಬೆಳೆಯಿತು. ಬಡವನಾಗಿ ರೂಪುಗೊಂಡ ದೇಹಕ್ಕೆ ಶ್ರೀಮಂತಿಕೆ ಬಂದಾಗಲೇ ರೋಗ ತಲೆಯೆತ್ತುತ್ತದೆ ಎಂದು ಅನೇಕ ವಿದ್ವಾಂಸರು ಇದರಿಂದ ಅರ್ಥ ಮಾಡಿದರು.

ಇನ್ನು ಮೈಸೂರಿನ ಕಥೆ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್‌ನಲ್ಲಿ ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಎಂಬ ದಾದಿಯರ ಮುಖ್ಯಸ್ಥೆ 1911ರಿಂದ ಪ್ರತಿಯೊಂದು ಕೂಸಿನ ಹುಟ್ಟುತೂಕವನ್ನು, ಒಂದು ವರ್ಷದ ತೂಕವನ್ನು ಬರೆಯಿಸಿಟ್ಟಿದ್ದಳು. ಆ ಪುಸ್ತಕಗಳನ್ನು ಹುಡುಕಿ ತೆಗೆದ ಪ್ರೊ. ಡೇವಿಡ್ ಬಾರ್ಕರ್, ಹಗುರವಾಗಿ ಹುಟ್ಟಿದವರೇ ಮುಂದೆ ಹೃದಯರೋಗದಿಂದ ಹೆಚ್ಚಾಗಿ ಸತ್ತರೆಂದು 1989ರಲ್ಲಿ ತೋರಿಸಿದಾಗ ವೈದ್ಯಲೋಕ ಸುಲಭವಾಗಿ ನಂಬಲಿಲ್ಲ. ಭಾರತದಲ್ಲಿ ಇಂಥ ದಾಖಲೆ ಉಂಟೇ ಎಂಬ ಹುಡುಕಾಟ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಗೆ ಬಂದು ಮುಟ್ಟಿತು. ಮಿಷನರಿಗಳು 1906ರಲ್ಲಿ ತೆರೆದ, ಜನ ಮಿಷನ್ ಆಸ್ಪತ್ರೆಯೆಂದೇ ಕರೆಯುವ ಆ ಆಸ್ಪತ್ರೆಯಲ್ಲಿ 1934ರಿಂದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ, ಜೊತೆಗೆ ತಾಯಿಯ ತೂಕ ಇವೆಲ್ಲವನ್ನೂ ಬರೆದಿಟ್ಟಿದ್ದರು. ಆ ದಾದಿಯರಿಗೆ ಇದರ ಪ್ರಯೋಜನ ತಿಳಿದಿರಲಿಲ್ಲ. ಕಿರ್ದಿಯನ್ನು ದಿನದಿನವೂ ತಪ್ಪದೆ ಬರೆಯುವವನಿಗೆ ಯಾವ ನಮೂದು ಎಂದು ಕೆಲಸಕ್ಕೆ ಬರುವುದೆಂದು ತಿಳಿದಿರುವುದಿಲ್ಲ. ಬರೆಯುವುದು ಧರ್ಮವೆಂದು ಬರೆಯುತ್ತಾನೆ. ಅಂಥ ನಿಷ್ಠೆ ಅದು.

1934ರಿಂದ 1954ರ ಒಳಗೆ ಅಲ್ಲಿ ಹುಟ್ಟಿ, ಮೈಸೂರಿನಲ್ಲಿಯೇ ನೆಲೆಸಿದ್ದ 517 ಗಂಡಸರು ಹೆಂಗಸರನ್ನು ಮನೆಮನೆಗೆ ಹೋಗಿ ಹುಡುಕಲಾಯಿತು. ಕ್ಲಾಡಿಯಾ ಸ್ಟೈನ್, ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರ ವರದಿ 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಕದಿಂದ ಹುಟ್ಟಿದವರಿಗೆ ಹೃದಯದ ರಕ್ತನಾಳಗಳ ರೋಗ ನೂರಕ್ಕೆ 11. ಮೂರು ಕಿಲೋ ಮೀರಿ ಹುಟ್ಟಿದವರಿಗೆ ನೂರಕ್ಕೆ 3. ಹುಟ್ಟುವಾಗ ಹಗುರವಾಗಿದ್ದು, ಬಸುರಿನಲ್ಲಿ ತಾಯಿಯ ತೂಕವೂ 45 ಕಿಲೋಗಿಂತ ಕಡಿಮೆಯಿದ್ದವರಲ್ಲಿ ನೂರಕ್ಕೆ 20. ಬಡಕಲು ತಾಯಿಯ ಬಡಕಲು ಕೂಸಿಗೆ ಐವರಲ್ಲಿ ಒಬ್ಬರಂತೆ ಹೃದಯರೋಗ. ಗಮನಿಸಬೇಕಾದುದೆಂದರೆ, ಇವರು ಬರಗಾಲದ ಮಕ್ಕಳಲ್ಲ. ಸಂಸ್ಥಾನದ ರಾಜಧಾನಿಯ ಸಾಧಾರಣ ಮನೆಗಳ ಮಕ್ಕಳು. ಕಾಯಂ ಆದ ಚಿಕ್ಕ ಹಸಿವು, ಹೆಸರಿಲ್ಲದ ಹಸಿವು ಇದನ್ನು ಮಾಡಿತ್ತು. ಮಧುಮೇಹದ ಲೆಕ್ಕ ಮಾತ್ರ ಇಂಗ್ಲೆಂಡಿನಂತೆ ಬರಲಿಲ್ಲ. ಮೈಸೂರಿನಲ್ಲಿ ಅದು ಉದ್ದಕ್ಕೆ ಮೀರಿದ ದಪ್ಪವಿದ್ದ ಕೂಸುಗಳಲ್ಲಿ, ತೂಕದ ತಾಯಂದಿರ ಮಕ್ಕಳಲ್ಲಿ ಹೆಚ್ಚು ಕಂಡಿತು. ತಾಯಿಗಿದ್ದ ಸಕ್ಕರೆಯೇ ಕೂಸನ್ನು ದಪ್ಪ ಮಾಡಿರಬೇಕೆಂದು ಸಂಶೋಧಕರು ಊಹಿಸಿದರು. ಕೊರತೆಯೂ ಕೆಡಿಸುತ್ತದೆ, ಅತಿಯೂ ಕೆಡಿಸುತ್ತದೆ.

ಇದರ ಕಾರಣವನ್ನು ವ್ಯಾಪಾರದ ಮಾತಿನಲ್ಲಿ ಹೇಳುವುದು ಸುಲಭ. ಬಂಡವಾಳ ಕಡಿಮೆಯಾದಾಗ ಅಂಗಡಿಕಾರನು ಅತಿ ಅವಶ್ಯವಾದ ಮಾಲನ್ನು ಮೊದಲು ತುಂಬಿಸುತ್ತಾನೆ. ಗರ್ಭದಲ್ಲಿರುವ ಶಿಶುವೂ ಮೆದುಳಿಗೆ ರಕ್ತವನ್ನು ಮೊದಲು ಒದಗಿಸಿ, ಮೂತ್ರಪಿಂಡ, ಮೇದೋಜೀರಕ ಗ್ರಂಥಿ, ಮಾಂಸಖಂಡಗಳಿಗೆ ಉಳಿದುದನ್ನು ಹಂಚುತ್ತದೆ. ಮೂತ್ರಪಿಂಡದ ಶೋಧಕ ಘಟಕಗಳು ಹುಟ್ಟುವುದಕ್ಕೆ ಮುನ್ನವೇ ಎಣಿಕೆಗೆ ನಿಲ್ಲುತ್ತವೆ. ಮುಂದೆ ಎಷ್ಟು ಉಂಡರೂ ಒಂದೂ ಹೆಚ್ಚುವುದಿಲ್ಲ. ಕಡಿಮೆ ಘಟಕಗಳು ಜೀವನಪೂರ್ತಿ ಹೆಚ್ಚು ಕೆಲಸ ಮಾಡಿ ರಕ್ತದ ಒತ್ತಡ ಏರುತ್ತದೆ. ಮಿತವ್ಯಯದ ದೇಹ ಎಂದು ಹೇಲ್ಸ್ ಮತ್ತು ಬಾರ್ಕರ್ 1992ರಲ್ಲಿ ಇದಕ್ಕೆ ಹೆಸರಿಟ್ಟರು. ಪುಣೆಯ ಡಾ. ಚಿತ್ತರಂಜನ ಯಾಜ್ಞಿಕರು ಇನ್ನೊಂದನ್ನು ಕಂಡರು: ಅಲ್ಲಿಯ ಹಳ್ಳಿಗಳ ಕೂಸು ಸರಾಸರಿ 2.7 ಕಿಲೋ, ಇಂಗ್ಲೆಂಡಿನ ಕೂಸು 3.5 ಕಿಲೋ, ಆದರೂ ನಮ್ಮ ಕೂಸಿನಲ್ಲಿ ಮಾಂಸ, ಅಂಗಾಂಗಗಳು ಕಡಿಮೆಯಾಗಿ ಕೊಬ್ಬು ಮಾತ್ರ ಬಹುಮಟ್ಟಿಗೆ ಉಳಿದಿತ್ತು. ನೋಡಲು ಸಣಕಲು, ಒಳಗೆ ಕೊಬ್ಬು.

ಅದೇ ಪುಣೆಯ ಸಂಶೋಧನೆಯಲ್ಲಿ ಶಾಕಾಹಾರಿಗಳು ಕಣ್ಣು ತಪ್ಪಿಸಲಾಗದ ಒಂದು ಅಂಶವಿದೆ. ಅಲ್ಲಿಯ ಬಸುರಿಯರಲ್ಲಿ ಮೂವರಲ್ಲಿ ಇಬ್ಬರಿಗೆ ಬಿ-12 ಎಂಬ ಜೀವಸತ್ವದ ಕೊರತೆಯಿತ್ತು. ಆ ಕೊರತೆಯ ಜೊತೆಗೆ ಫೋಲಿಕ್ ಆಮ್ಲ ಮಾತ್ರ ಹೆಚ್ಚಾಗಿದ್ದ ತಾಯಂದಿರ ಮಕ್ಕಳು ಆರನೆಯ ವಯಸ್ಸಿಗೇ ಮಧುಮೇಹದ ದಾರಿಯ ಮೇಲಿದ್ದರು. ಮೈಸೂರಿನಲ್ಲಿ ಡಾ. ಜಿ. ವಿ. ಕೃಷ್ಣವೇಣಿ ಮುಂತಾದವರು ಪರೀಕ್ಷಿಸಿದ 785 ಬಸುರಿಯರಲ್ಲಿ ನೂರಕ್ಕೆ 43 ಮಂದಿಗೆ ಇದೇ ಕೊರತೆ. ಬಿ-12 ಸೊಪ್ಪು, ಕಾಳು, ಧಾನ್ಯಗಳಲ್ಲಿ ಇಲ್ಲ; ಶಾಕಾಹಾರಿಗೆ ಅದು ಹಾಲು, ಮೊಸರು, ಮಜ್ಜಿಗೆಗಳಿಂದಲೋ ಮಾತ್ರೆಯಿಂದಲೋ ಬರಬೇಕು. ಅಹಿಂಸೆಯ ಆಹಾರವನ್ನು ಆಯ್ದುಕೊಂಡ ಸಮಾಜ ಬಸುರಿಗೆ ಹಾಲನ್ನು ತಪ್ಪದೆ ಒದಗಿಸುವುದನ್ನೂ, ರಕ್ತಪರೀಕ್ಷೆ ಮಾಡಿಸುವುದನ್ನೂ ಆ ವ್ರತದ ಭಾಗವಾಗಿಯೇ ತಿಳಿಯಬೇಕಾಗಿದೆ. ಶ್ರೀಮಂತ ಮನೆಗಳಲ್ಲಿಯೂ ಸೊಸೆಗೆ ಹಾಲು ಕೊನೆಗೆ ಉಳಿದರೆ ಸಿಗುವುದುಂಟು ಎಂಬುದನ್ನು ಮನೆಯ ಹಿರಿಯರು ಬಲ್ಲರು.

ಇನ್ನೊಂದು ಸೂಕ್ಷ್ಮ. ಕೊಪ್ಪಳದ ಬೆಟ್ಟಗಳಲ್ಲಿ ಸಲ್ಲೇಖನ ವ್ರತವನ್ನು ಕೈಕೊಂಡವರ ನಿಷಿಧಿಗಳಿವೆ. ಅಲ್ಲಿ ಆಹಾರವನ್ನು ಬಿಟ್ಟವರು ತಿಳಿದು, ತಮ್ಮ ಪಾಲಿನದನ್ನು ಮಾತ್ರ ಬಿಟ್ಟರು. ಬಸುರಿಯ ಉಪವಾಸದಲ್ಲಿ ಒಪ್ಪಿಗೆ ಕೊಡದ ಜೀವದ ಪಾಲೂ ಸೇರಿಹೋಗುತ್ತದೆ. ತಪಸ್ಸು ಶಕ್ತಿಗನುಗುಣವಾಗಿರಬೇಕೆಂದು ಆಚಾರ್ಯರು ವಿಧಿಸಿದಾಗ ಎರಡು ಜೀವಗಳ ಶಕ್ತಿಯನ್ನು ಎಣಿಸಬೇಕಾದ ಸಂದರ್ಭವಿದು.

ನಾಲ್ಕು ತಾಲ್ಲೂಕುಗಳಿಗೆ ಮರಳೋಣ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದ ಮೇಲೆ ಗಂಗಾವತಿ ಭತ್ತದ ಕಣಜವಾಯಿತು. ಕುಷ್ಟಗಿ, ಯಲಬುರ್ಗಾಗಳು ಮುಗಿಲನ್ನೇ ನೋಡುತ್ತಾ ಉಳಿದವು. ಕೊಪ್ಪಳ ಅರ್ಧ ಹಸಿ, ಅರ್ಧ ಒಣ. ಮೂರು ತಲೆಮಾರಿನ ಹಿಂದೆ ಎಲ್ಲರ ಅಜ್ಜಿಯರೂ ಜೋಳದ ಅರೆಹೊಟ್ಟೆಯವರೇ. ಕಾಲುವೆಯ ಕೆಳಗಿನ ಮೊಮ್ಮಗನಿಗೆ ಮೂರು ಹೊತ್ತು ಬಿಳಿ ಅನ್ನ ಸಿಕ್ಕಿತು; ಒಣಬೇಸಾಯದ ಮೊಮ್ಮಗ ಗುಳೆ ಹೊರಟನು. ಹಾಲೆಂಡು, ಲೆನಿನ್‌ಗ್ರಾಡುಗಳ ಭೇದ ಒಂದೇ ಜಿಲ್ಲೆಯೊಳಗೆ ಇರಬಹುದೆಂದು ಊಹಿಸಲು ಅವಕಾಶವಿದೆ. ಬೆಂಗಳೂರು, ಗೋವಾ, ಮಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಕುಟುಂಬಗಳಲ್ಲಿ ಬಸುರಿಯರೂ ಇರುತ್ತಾರೆ. ಊರಿನ ಅಂಗನವಾಡಿಯ ಪಟ್ಟಿಯಲ್ಲಿ ಹೆಸರಿರುತ್ತದೆ. ಊಟದ ಹೊತ್ತಿಗೆ ಅವಳು ಇನ್ನೆಲ್ಲೋ ಇಟ್ಟಿಗೆ ಹೊರುತ್ತಿರುತ್ತಾಳೆ.

ಬಡತನವೊಂದೇ ಕಾರಣವೆಂದರೆ ಸುಲಭವಾದೀತು. ಐದನೆಯ ತಿಂಗಳಿಗೋ ಏಳನೆಯ ತಿಂಗಳಿಗೋ ಕುಬುಸ ಮಾಡಿ, ಹಸಿರು ಸೀರೆ ಉಡಿಸಿ, ಬಯಕೆಯ ಊಟ ಬಡಿಸುವ ಸಂಪ್ರದಾಯ ಈ ಸೀಮೆಯದು. ಆ ಒಂದು ದಿನ ಅವಳು ಮೊದಲು ಉಣ್ಣುತ್ತಾಳೆ. ಉಳಿದ ದಿನಗಳಲ್ಲಿ ಎಲ್ಲರೂ ಉಂಡ ಮೇಲೆ ಬುಟ್ಟಿಯಲ್ಲಿ ಉಳಿದ ರೊಟ್ಟಿ ಅವಳದು. ಹೆಚ್ಚು ಉಂಡರೆ ಕೂಸು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆಂಬ ಭಯವೂ ಹಳ್ಳಿಗಳಲ್ಲಿ ಇದೆ. ಹದಿನೆಂಟು ತುಂಬುವ ಮುನ್ನ ಮದುವೆ ಮಾಡುವುದು ಕಾನೂನಿಗೆ ವಿರುದ್ಧವಾದರೂ ನಿಂತಿಲ್ಲ. ಇನ್ನೂ ಬೆಳೆಯುತ್ತಿರುವ ಹುಡುಗಿಯ ದೇಹ ಗರ್ಭದೊಂದಿಗೆ ಅದೇ ಅನ್ನಕ್ಕೆ ಸ್ಪರ್ಧಿಸುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಈ ಭಾರದ ದೊಡ್ಡ ಪಾಲು ಕೊಪ್ಪಳ, ರಾಯಚೂರು, ಯಾದಗಿರಿಗಳಂಥ ಜಿಲ್ಲೆಗಳ ಮೇಲೆ ಬಿದ್ದಿದೆ.

ಪರಿಹಾರ ಸಾಧ್ಯವೇ? ಆಫ್ರಿಕದ ಗ್ಯಾಂಬಿಯಾದಲ್ಲಿ ಬಸುರಿಯರಿಗೆ ದಿನವೂ ಶೇಂಗಾ ಸೇರಿಸಿದ ಬಿಸ್ಕತ್ತುಗಳನ್ನು ಕೊಟ್ಟು ನೋಡಿದರು. ಹಸಿವಿನ ತಿಂಗಳುಗಳಲ್ಲಿ ಕೂಸಿನ ತೂಕ ಸುಮಾರು 200 ಗ್ರಾಂ ಹೆಚ್ಚಿತು, ಸತ್ತು ಹುಟ್ಟುವ ಕೂಸುಗಳು ಕಡಿಮೆಯಾದವು ಎಂದು 1997ರ ವರದಿ ಹೇಳುತ್ತದೆ. ಶೇಂಗಾ ಯಲಬುರ್ಗಾ, ಕುಷ್ಟಗಿಯವರಿಗೆ ಹೊಸದಲ್ಲ. ಅಡತಿಗೆ ಬಂದ ಚೀಲದಲ್ಲಿ ಬೆಳೆದವಳ ಬಾಯಿಗೆ ಎಷ್ಟು ಹೋಯಿತೆಂಬುದೊಂದೇ ಪ್ರಶ್ನೆ. ಮುಂಬಯಿಯ ಬಡ ಬಡಾವಣೆಗಳಲ್ಲಿ ಸೊಪ್ಪು, ಹಣ್ಣು, ಹಾಲಿನಿಂದ ಮಾಡಿದ ತಿಂಡಿಯನ್ನು ಹೆಂಗಸರಿಗೆ ಗರ್ಭ ಧರಿಸುವ ಮುನ್ನವೇ ಕೊಟ್ಟ ಪ್ರಯೋಗದ ವರದಿ 2014ರಲ್ಲಿ ಬಂತು. ಒಟ್ಟಾರೆ ಲಾಭ ಕಾಣಲಿಲ್ಲ. ಗರ್ಭಕ್ಕೆ ಮೂರು ತಿಂಗಳ ಮೊದಲಿನಿಂದ ತಿಂದವರಲ್ಲಿ ಮಾತ್ರ ಕೂಸು 48 ಗ್ರಾಂ ಹೆಚ್ಚು ತೂಗಿತು. ತಡವಾಗಿ ಕೊಟ್ಟುದಕ್ಕೆ ಬೆಲೆ ಕಡಿಮೆಯೆಂಬ ಕಾರ್ನಿಷನ ಹಳೆಯ ಮಾತನ್ನು ಇದು ನೆನಪಿಸುತ್ತದೆ.

ಕರ್ನಾಟಕ ಸರ್ಕಾರ 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆಯನ್ನು ಆರಂಭಿಸಿ, ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಪೂರ್ಣ ಊಟಕ್ಕೆ ಏರ್ಪಾಟು ಮಾಡಿತು. ಮನೆಗೆ ಕೊಟ್ಟ ಪಡಿ ಎಲ್ಲರ ತಟ್ಟೆಗೆ ಹಂಚಿಹೋಗುತ್ತದೆಂಬ ಅನುಭವವೇ ಇದಕ್ಕೆ ಕಾರಣ. ಉದ್ದೇಶ ಸರಿಯಾದುದೇ, ಆದರೆ ತುಂಬು ಬಸುರಿ ಬಿಸಿಲಲ್ಲಿ ಅಂಗನವಾಡಿಯವರೆಗೆ ನಡೆಯಬೇಕೆಂಬುದು, ಬಾಣಂತಿ ಮನೆಯ ಹೊಸ್ತಿಲು ದಾಟಬಾರದೆಂಬ ರೂಢಿ, ಇವು ಯೋಜನೆ ಮಾಡಿದವರ ಎಣಿಕೆಗೆ ಪೂರ್ತಿ ಬಂದಿರಲಾರದು. 2021ರ ಡಿಸೆಂಬರಿನಲ್ಲಿ ಕೊಪ್ಪಳವೂ ಸೇರಿದಂತೆ ಈ ಭಾಗದ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಆರಂಭಿಸಿದಾಗ ಧಾರ್ಮಿಕ ವಲಯಗಳಿಂದ ಪ್ರತಿಭಟನೆಗಳು ಬಂದವು. ಮೊಟ್ಟೆಯನ್ನು ತಿನ್ನದವರು ತಮ್ಮ ಮಕ್ಕಳಿಗೆ ಬೇಡವೆನ್ನುವುದು ಅವರ ಹಕ್ಕು. ಸರ್ಕಾರ ಬಾಳೆಹಣ್ಣನ್ನೂ ಇಟ್ಟಿತ್ತು. ತಿನ್ನುವ ಬಡವರ ಮಕ್ಕಳ ತಟ್ಟೆಯಿಂದ ಅದನ್ನು ತೆಗೆಸಬೇಕೆಂದು ಕೇಳಿದವರು, ಅದರ ಬದಲಿಗೆ ಅಷ್ಟೇ ಪುಷ್ಟಿಯ ಹಾಲು, ಕಾಳುಗಳನ್ನು ತಮ್ಮ ಖರ್ಚಿನಲ್ಲಿ ಎಷ್ಟು ತಟ್ಟೆಗೆ ಬಡಿಸಿದರೆಂಬ ಲೆಕ್ಕವನ್ನೂ ಕೊಡಬೇಕಾಗುತ್ತದೆ. ಆಹಾರದಾನವನ್ನು ಚತುರ್ವಿಧ ದಾನಗಳಲ್ಲಿ ಎಣಿಸುವ ಸಮಾಜಕ್ಕೆ ಈ ಲೆಕ್ಕ ಹೊರಗಿನವರು ಕೇಳಬೇಕಾದುದಲ್ಲ.

ಈಗ ಈ ತಾಲ್ಲೂಕುಗಳಲ್ಲಿ ಹೆರಿಗೆಗಳು ಬಹುಪಾಲು ಆಸ್ಪತ್ರೆಯಲ್ಲಿ ಆಗುತ್ತವೆ. ಬಸುರಿಯ ತೂಕ, ರಕ್ತದ ಅಂಶ, ಕೂಸಿನ ಹುಟ್ಟುತೂಕ ಎಲ್ಲವೂ ತಾಯಿ ಕಾರ್ಡಿನಲ್ಲಿ ದಾಖಲಾಗುತ್ತವೆ. 1877ರಲ್ಲಿ ಈ ಸೀಮೆಗೆ ಇಲ್ಲದಿದ್ದ ಖಾತೆ ಪುಸ್ತಕ ಇದು. ಬಹಳ ಮನೆಗಳಲ್ಲಿ ಆ ಕಾರ್ಡು ಕೂಸು ಒಂದು ವರ್ಷ ದಾಟುವುದರೊಳಗೆ ಕಳೆದುಹೋಗುತ್ತದೆ, ಇಲ್ಲವೆ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಮಡಿಕೆ ಹರಿದು ಬಿದ್ದಿರುತ್ತದೆ. 2025ರಲ್ಲಿ ಕುಷ್ಟಗಿಯಲ್ಲಿ ಹುಟ್ಟಿದ ಕೂಸಿಗೆ 2070ರಲ್ಲಿ ನಲವತ್ತೈದು ವರ್ಷ. ಮೈಸೂರಿನ ದಾದಿಯರು ಬರೆದ ತೂಕಗಳು ಮಾತನಾಡಲು ತೊಡಗಿದ್ದು ಅದೇ ವಯಸ್ಸಿನಲ್ಲಿ.